ಮುಂದಿನ ಮೂರು

ಬಿದ್ದದ್ದು ವಿರಾಜಪೇಟೆಯ ಸಮಾಜದಲ್ಲಿ,
ಯಾರದೋ ಮದುವೆಯ ಎರಡನೇ ಪಂಕ್ತಿಯಲ್ಲಿ,
ಪಂದಿಕರಿಯ ಮೂಳೆಗೆ. ಠಣ್ಣೆಂದಿತು ತಟ್ಟೆ.
ಮೂವತ್ತೆಂಟು ವರ್ಷ ಬಾಯಲ್ಲಿದ್ದ ಸೇತುವೆ,
ಮುಂದಿನ ಮೂರು ಹಲ್ಲು, ಲೋಹದ ಪಟ್ಟಿ ಸಮೇತ,
ಕಾಚಂಪುಳಿಯ ಕಪ್ಪಿನಲ್ಲಿ ಕೂತು ನಗುತ್ತಿತ್ತು.
ಕರವಸ್ತ್ರದಲ್ಲಿ ಸುತ್ತಿಕೊಂಡು ಊಟ ಮುಗಿಸಿದೆ.
ಪಾಯಸಕ್ಕೆ ಹಲ್ಲು ಬೇಡ.

ಗಡಿಯಾರ ಕಂಬದ ಹತ್ತಿರದ ಡಾಕ್ಟರು ಚಿಕ್ಕ ಹುಡುಗ
(ಅವನ ತಾಯಿಗೆ ಡ್ರಿಲ್ ಕಲಿಸಿದವಳು ನಾನೇ).
ಕನ್ನಡಿ ತೂರಿಸಿ ನೋಡಿ, "ಬೇರೇ ಇಲ್ಲ ಮಿಸ್,
ಸ್ಕ್ರೂ ಇಳಿಸಬೇಕು" ಎಂದು ಚೀಟಿ ಬರೆದ.
ಮನೆಗೆ ಬಂದು ಕಣದಲ್ಲಿ ನಿಂತು ಲೆಕ್ಕ ಹಾಕಿದೆ:
ಒಂದು ಹಲ್ಲಿಗೆ ನಾಲ್ಕು ಮೂಟೆ ಚೆರ್ರಿ,
ಮೂರಕ್ಕೆ ಹನ್ನೆರಡು.
ಈ ಸಲ ಆಗಿದ್ದೇ ಹದಿನೇಳು,
ಆನೆ ತುಳಿದದ್ದು ಬಿಟ್ಟು.

ಗೋಣಿಕೊಪ್ಪದ ಟ್ರಾವೆಲ್ಸಿನ ಮೊಯ್ದು ಹೇಳಿದ:
"ವಿಯೆಟ್ನಾಂಗೆ ಹೋಗಿ ಮಿಸ್, ಅರ್ಧಕ್ಕೆ ಆಗ್ತದೆ.
ಹಲ್ಲೂ ಆಯ್ತು, ದೋಣಿ ವಿಹಾರವೂ ಆಯ್ತು."
ಮೊಬೈಲಿನಲ್ಲಿ ತೋರಿಸಿದ: ಬಿಳೀ ಗೋಡೆ, ಹಸಿರು ಸಮುದ್ರ,
ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ನಗುವ ಜನ.
ನಾನು ಕೇಳಿದೆ, ಅರ್ಧ ಅಂದರೆ ಟಿಕೆಟು ಸೇರಿಸಿಯಾ?
ಒಂದು ಸಲ ಸ್ಕ್ರೂ. ಮೂಳೆ ಹಿಡಿಯಲು ನಾಲ್ಕು ತಿಂಗಳು.
ಮತ್ತೆ ಹೋಗಬೇಕು, ಹಲ್ಲು ಕೂರಿಸಲು.
ಮೊಯ್ದು ಕೈಯೆತ್ತಿದ, "ಅದು ನೀವು ನೋಡಿಕೊಳ್ಳಬೇಕು."

ನೋಡಿಕೊಂಡೆ. ರಾತ್ರಿ ದೀಪ ಆರಿಸಿ ನೋಡಿಕೊಂಡೆ.
ನಡುವೆ ಸಡಿಲಾದರೆ ಯಾರ ಬಾಗಿಲು ತಟ್ಟಲಿ?
ಜುಮ್ಮೆನ್ನುವುದು ಬೇರೆ, ಸೆಳೆಯುವುದು ಬೇರೆ,
ದವಡೆಯಿಂದ ಕಿವಿಗೆ ಹತ್ತುವ ಚಳುಕು ಇನ್ನೊಂದು.
ಇದನ್ನು ಆ ಊರಿನ ಕುರ್ಚಿಯಲ್ಲಿ
ಅಂಗಾತ ಮಲಗಿ, ಬಾಯಿ ತೆರೆದುಕೊಂಡು
ಯಾವ ಬೆರಳಿನಿಂದ ಹೇಳಲಿ?

ಮರುವಾರ ಅದೇ ಡಾಕ್ಟರ ಬೆಂಚಿನಲ್ಲಿ
ಕೆಂಪು ಗಡ್ಡದವನೊಬ್ಬ. ಐರ್ಲೆಂಡಂತೆ.
ಸಿದ್ದಾಪುರದ ಹೋಂಸ್ಟೇಯಲ್ಲಿ ಇಪ್ಪತ್ತು ದಿನ,
"ನಮ್ಮಲ್ಲಿ ಬೆಲೆ ಕೇಳಿದರೇ ಹಲ್ಲು ಉದುರುತ್ತದೆ" ಎಂದ.
ಇಬ್ಬರೂ ಬಾಯಿ ತೆರೆದು ತೋರಿಸಿಕೊಂಡೆವು,
ಸಂತೆಯಲ್ಲಿ ಎತ್ತು ನೋಡುವವರ ಹಾಗೆ.
"ನಿಮ್ಮದು ಹೇಗೆ ಹೋಯಿತು?"
ಹಾಕಿ, ಎಂದೆ. ಎಂಬತ್ತಾರು. ಮಡಿಕೇರಿ, ಮಳೆ.
ಶಾರ್ಟ್ ಕಾರ್ನರಿಗೆ ಗೋಲಿನಿಂದ ಓಡಿ ಬಂದೆ,
ಚೆಂಡಲ್ಲ. ಕೋಲು. ಬೋಜಮ್ಮನ ಕೋಲು.

ಬೋಜಮ್ಮನನ್ನು ನಾನು ಬಿಟ್ಟವಳಲ್ಲ, ಅವಳೂ ನನ್ನನ್ನು.
ಒಂದೇ ಬಸ್ಸು, ಒಂದೇ ಚೀಟಿಯ ಗುಂಪು,
ಅವಳ ಮಗಳ ಮದುವೆಗೆ ನಾನೇ ಹೂ ಕಟ್ಟಿಸಿದೆ.
ಆ ಮಾತು ಬಂದಾಗ ಮಾತ್ರ ಅವಳು
"ಕೋಲು ಎತ್ತಿರಲಿಲ್ಲ, ನೀನೇ ಬಗ್ಗಿದ್ದು" ಎನ್ನುತ್ತಾಳೆ.
ನಾನು ನಗುತ್ತೇನೆ, ಅವಳು ಕೊಟ್ಟ ಹಲ್ಲಿನಲ್ಲಿ.

ನಿನ್ನೆ ಸಂಜೆ ಅವಳ ಫೋನು.
ಮೊಯ್ದು ಸುದ್ದಿ ಮುಟ್ಟಿಸಿದ್ದಾನೆ.
"ಅರ್ಧ ನಾನು ಹಾಕ್ತೇನೆ. ಜೊತೆಗೆ ಬರ್ತೇನೆ.
ಎರಡು ಸಲವೂ."
ಆಮೇಲೆ ಅವಳ ಕಡೆ ನಾಯಿ ಬೊಗಳಿತು, ಅವಳು ಗದರಿದಳು,
ಗದರಿದ ದನಿಯಲ್ಲೇ ಹೇಳಿದಳು:
"ಎತ್ತಿದ್ದೆ ಕಣೇ."

ಚೀಟಿ, ಟಿಕೆಟು, ವೀಸಾ, ಮೂಟೆ
ಎಲ್ಲ ಒಂದು ಹಾಳೆಯಲ್ಲಿ ಬರೆದಿದ್ದೆ.
ಇದನ್ನು ಯಾವ ಸಾಲಿಗೆ ಸೇರಿಸಲಿ, ಕೂಡಲೋ ಕಳೆಯಲೋ,
ಗೊತ್ತಾಗಲಿಲ್ಲ.
ಇಲ್ಲೇ ಹಾಕಿಸಿಕೊಂಡರೆ
ಹನ್ನೆರಡು ಮೂಟೆ ಹೋಗುತ್ತದೆ, ಜಗಳ ಉಳಿಯುತ್ತದೆ.
ಅಲ್ಲಿಗೆ ಹೋದರೆ, ಹಲ್ಲು ಬಂದ ಮೇಲೆ
ನಾವಿಬ್ಬರೂ ಏನು ಮಾತಾಡುವುದು?

ಬೆಳಿಗ್ಗೆ ಪೊನ್ನಂಪೇಟೆಯ ಸ್ಟುಡಿಯೋಗೆ ಹೋದೆ,
ವೀಸಾದ ಫೋಟೋಕ್ಕೆ, ಸುಮ್ಮನೆ, ಇರಲಿ ಎಂದು.
ಹುಡುಗ ಹೇಳಿದ: "ಬಾಯಿ ಮುಚ್ಚಿ ಮಿಸ್,
ಇದಕ್ಕೆ ನಗುವ ಹಾಗಿಲ್ಲ."
ಮೂರು ಸಲ ತೆಗೆದ.
ಮೂರರಲ್ಲೂ ಕಿಂಡಿ ಕಾಣುತ್ತಿದೆ.